ಹೊರಗಿನ ಫಂಕ್ಷನ್ ಮುಗಿದ ಮೇಲೂ ಬೆಲೆ ಉಳಿಯುವುದು ಹೇಗೆ?

ಸಿ ಶಾರ್ಪ್ ಪ್ರೋಗ್ರಾಮಿಂಗ್ ಭಾಷೆಯ ಬಗ್ಗೆ ನಿಮ್ಮ ಪ್ರಶ್ನೆ ಇದು: ‘ಕೂಡು’ ಫಂಕ್ಷನ್‌ಗೆ 5 ಕೊಟ್ಟರೆ ಸಂಖ್ಯೆಯ ಬದಲು ಇನ್ನೊಂದು ಫಂಕ್ಷನ್ ಬರುತ್ತದೆ, ಹೊರಗಿನದು ಮುಗಿದ ಮೇಲೂ ಒಳಗಿನದಕ್ಕೆ ಆ 5 ಹೇಗೆ ಸಿಗುತ್ತದೆ?

ಮೊದಲ ಕರೆಯಲ್ಲಿ ಕೂಡುವ ಕೆಲಸ ನಡೆಯುವುದೇ ಇಲ್ಲ. ಕೈಗೆ ಬರುವುದು ಡೆಲಿಗೇಟ್. ಯಾವ ಮೆಥಡ್ ಅನ್ನು, ಯಾವ ಆಬ್ಜೆಕ್ಟ್ ಮೇಲೆ ಕರೆಯಬೇಕು ಎಂಬ ಎರಡೂ ವಿವರ ಅದರಲ್ಲಿರುತ್ತವೆ. ಅದಕ್ಕೆ 3 ಕೊಟ್ಟಾಗಲೇ 8 ಸಿಗುವುದು.

ಆ ‘ಯಾವ ಆಬ್ಜೆಕ್ಟ್’ ಎಂಬುದರಲ್ಲೇ ನಿಮಗೆ ಉತ್ತರವಿದೆ. ಲ್ಯಾಂಬ್ಡಾ (ಹೆಸರಿಲ್ಲದ ಫಂಕ್ಷನ್, ಇಲ್ಲಿ ಆ ಒಳಗಿನದು) ಹೊರಗಿನ ವೇರಿಯಬಲ್ ಬಳಸಿದರೆ ಕಂಪೈಲರ್ ತೆರೆಮರೆಯಲ್ಲಿ ಒಂದು ಕ್ಲಾಸ್ ಸೃಷ್ಟಿಸಿ, ವೇರಿಯಬಲ್ ಅನ್ನು ಅದರ ಫೀಲ್ಡ್ ಆಗಿಸುತ್ತದೆ. ಆ ಕ್ಲಾಸ್‌ನ ಆಬ್ಜೆಕ್ಟ್ ಹೀಪ್‌ನಲ್ಲಿ, ಅಂದರೆ ಫಂಕ್ಷನ್ ಮುಗಿದರೂ ಅಳಿಯದ ಮೆಮೊರಿ ಭಾಗದಲ್ಲಿ, ಇರುತ್ತದೆ. ಡೆಲಿಗೇಟ್ ಬಳಕೆಯಲ್ಲಿರುವವರೆಗೂ ಬಳಕೆಯಲ್ಲಿಲ್ಲದ ಮೆಮೊರಿಯನ್ನು ತೆರವುಗೊಳಿಸುವ ಗಾರ್ಬೇಜ್ ಕಲೆಕ್ಟರ್ ಅದನ್ನು ತೆಗೆದುಹಾಕುವುದಿಲ್ಲ. ಈ ಏರ್ಪಾಡು ನನಗೆ ಇಂದಿಗೂ ಬಹಳ ಇಷ್ಟ.

ಒಂದನ್ನು ಮಾತ್ರ ದಯವಿಟ್ಟು ಗಟ್ಟಿಯಾಗಿ ಹಿಡಿದುಕೊಳ್ಳಿ: ಉಳಿಯುವುದು ಬೆಲೆಯ ಪ್ರತಿಯಲ್ಲ, ವೇರಿಯಬಲ್ ತಾನೇ. 0ಯಿಂದ 2ರವರೆಗಿನ ಫಾರ್ ಲೂಪ್‌ನಲ್ಲಿ ಎಣಿಕೆಯನ್ನು ಹಿಂತಿರುಗಿಸುವ ಮೂರು ಲ್ಯಾಂಬ್ಡಾ ಮಾಡಿಟ್ಟು, ಲೂಪ್ ಮುಗಿದ ಮೇಲೆ ಕರೆದರೆ ಮೂರೂ 3 ಎನ್ನುತ್ತವೆ, ಏಕೆಂದರೆ ಮೂರೂ ಹಿಡಿದಿರುವುದು ಒಂದೇ ವೇರಿಯಬಲ್, ಲೂಪ್ ನಿಲ್ಲುವಾಗ ಅದು 3 ಆಗಿರುತ್ತದೆ. ಲೂಪ್‌ನೊಳಗೇ ಹೊಸ ವೇರಿಯಬಲ್‌ಗೆ ನಕಲಿಸಿ ಅದನ್ನು ಬಳಸಿ. ಪಟ್ಟಿಯ ಅಂಶಗಳನ್ನು ಒಂದೊಂದಾಗಿ ಕೊಡುವ ಫಾರ್‌ಈಚ್ ಲೂಪ್‌ನಲ್ಲಿ ಇದನ್ನು 2012ರ ಸಿ ಶಾರ್ಪ್ 5ರಲ್ಲಿ ಸರಿಪಡಿಸಿದರು. ಫಾರ್ ಹಳೆಯ ರೀತಿಯಲ್ಲೇ ಇದೆ.