ಒಂದೇ ಲ್ಯಾಪ್‌ಟಾಪ್‌ನಿಂದ ನಾಲ್ಕೈದು ಟೆಲ್ಲೋ ಡ್ರೋನ್ ಒಟ್ಟಿಗೆ ಹಾರಿಸೋದು ಹೇಗೆ?

ಮೊದಲು ನಿಮ್ಮ ಹತ್ತಿರ ಇರೋದು ಸಾದಾ ಟೆಲ್ಲೋನಾ, ಟೆಲ್ಲೋ ಎಜುನಾ (ಕೋಡಿಂಗ್ ಕಲಿಯೋರಿಗೆ ಅಂತ ಮಾಡಿದ ಮಾದರಿ) ನೋಡಿಕೊಳ್ಳಿ. ಸಾದಾ ಟೆಲ್ಲೋ ಪ್ರತಿಯೊಂದೂ ತನ್ನದೇ ವೈಫೈ ಹಾಕಿಕೊಂಡು ಕೂರುತ್ತದೆ, ಎಲ್ಲದರ ವಿಳಾಸವೂ 192.168.10.1. ಲ್ಯಾಪ್‌ಟಾಪ್ ಒಂದು ಸಲಕ್ಕೆ ಒಂದೇ ವೈಫೈಗೆ ಸೇರುತ್ತದೆ, ಅಲ್ವಾ? ತೊಡಕು ಅಲ್ಲೇ. ಎಜು ಆದರೆ 'ಎಪಿ' (ap) ಕಮಾಂಡ್ ಕೊಟ್ಟು ಎಲ್ಲವನ್ನೂ ಒಂದೇ ರೂಟರ್‌ಗೆ ಸೇರಿಸಬಹುದು. ಆಗ ಒಂದೊಂದಕ್ಕೂ ಬೇರೆ ವಿಳಾಸ ಸಿಗುತ್ತದೆ. ಪೈಥಾನ್‌ನಿಂದ ಯುಡಿಪಿ (ನೆಟ್‌ವರ್ಕ್‌ನಲ್ಲಿ ಸಂದೇಶ ಕಳಿಸೋ ಒಂದು ವಿಧಾನ) ಮೂಲಕ 8889ನೇ ಪೋರ್ಟ್‌ಗೆ ಕಮಾಂಡ್ ಕಳಿಸಿದರೆ ಆಯಿತು. 15 ಸೆಕೆಂಡ್ ಏನೂ ಕಳಿಸದಿದ್ದರೆ ಡ್ರೋನ್ ತಾನೇ ಇಳಿದುಬಿಡುತ್ತದೆ, ಗಾಬರಿ ಬೇಡ. ಸಾದಾ ಟೆಲ್ಲೋ ಬರೀ 80 ಗ್ರಾಂ, ಎಜು 87 ಗ್ರಾಂ. 250 ಗ್ರಾಂ ಒಳಗಿನ ನ್ಯಾನೋ ಡ್ರೋನ್‌ಗೆ ಭಾರತದ 2021ರ ಡ್ರೋನ್ ನಿಯಮದಲ್ಲಿ ಪೈಲಟ್ ಲೈಸೆನ್ಸ್ ಕೇಳುವುದಿಲ್ಲ. ಆದರೆ ಬಯಲಲ್ಲಿ ಬಿಟ್ಟರೆ ಗಾಳಿಗೆ ಹೊರಟೇ ಹೋಗುತ್ತದೆ.

ನಿಜ ಹೇಳಬೇಕೆಂದರೆ ಕೋಡಿಗಿಂತ ನೆಲವೇ ಜಾಸ್ತಿ ಕಾಡುತ್ತದೆ. ತುಮಕೂರಿನ ಒಂದು ಛತ್ರದಲ್ಲಿ ನಾವು ನಾಲ್ಕು ಹಾರಿಸಿದೆವು. ಕನ್ನಡಿಯಂಥ ಗ್ರಾನೈಟ್ ನೆಲ. ಎರಡು ಸುಮ್ನೆ ಗೋಡೆ ಕಡೆ ಜಾರಿಕೊಂಡು ಹೋದವು. ಹೊಟ್ಟೆಯ ಕೆಳಗಿನ ಕ್ಯಾಮೆರಾದಿಂದ ನೆಲದ ಮೇಲಿನ ಗುರುತು ನೋಡಿಕೊಂಡೇ ಡ್ರೋನ್ ಒಂದು ಕಡೆ ನಿಲ್ಲುವುದು. ಛತ್ರದವರ ಹತ್ತಿರ ಚೌಕುಳಿ ಜಮಖಾನ ಇಸ್ಕೊಂಡು ಹಾಸಿದ ಮೇಲೆ ನಾಲ್ಕೂ ಅಲುಗದೆ ನಿಂತವು.