ಕಾಲು ಕೂಡುತ್ತಿಲ್ಲ ಅಂದರೆ ಮೊದಲು ನೋಡಬೇಕಾದ್ದು: ಇಬ್ಬರದೂ ಒಂದೇ ರುಂಬಾನಾ?

ಮುಲುಂಡ್‌ನಿಂದ ಬರೆದ ದಂಪತಿಗೆ ಈ ಉತ್ತರ. ಡಿಸೆಂಬರ್‌ನಲ್ಲಿ ಮಡಗಾಂವ್‌ನ ಮದುವೆ, ಮೂರು ವಾರದಿಂದ ರುಂಬಾ ಅನ್ನುವ ಜೋಡಿ ಕುಣಿತದ ಅಭ್ಯಾಸ, ಇಬ್ಬರ ಸ್ಟೆಪ್ಪೂ ವಿಡಿಯೋದಲ್ಲಿ ಇದ್ದ ಹಾಗೇ ಇದೆ, ಆದರೂ ಕಾಲು ಕೂಡುತ್ತಿಲ್ಲ, ಇನ್ನೊಂದೆರಡು ವಿಡಿಯೋ ನೋಡುತ್ತೇವೆ ಅಂದಿದ್ದೀರಿ. ದಯವಿಟ್ಟು ನೋಡಬೇಡಿ. ನೀವು ಹಾಕಿದ ಎರಡೂ ಲಿಂಕ್ ತೆರೆದು ನೋಡಿದೆ. ಯಜಮಾನರು ಕಲಿಯುತ್ತಿರುವುದು ಇಂಟರ್‌ನ್ಯಾಷನಲ್ ರುಂಬಾ, ಅವರ ಮನೆಯವರು ಕಲಿಯುತ್ತಿರುವುದು ಅಮೆರಿಕನ್ ರುಂಬಾ. ಬಾಲ್‌ರೂಮ್ ಅನ್ನುವ ಜೋಡಿ ಕುಣಿತಗಳನ್ನು ಕಲಿಸುವ ಎರಡು ಬೇರೆ ಪದ್ಧತಿ ಇವು. ಹೆಸರು ಒಂದೇ, ಕುಣಿತ ಬೇರೆ.

ನಾವೂ ಇದೇ ಗುಂಡಿಗೆ ಬಿದ್ದವರು. ನಾನು ಕಲಿತದ್ದು ಡೊಂಬಿವಲಿಯಲ್ಲಿ, ನನ್ನ ಹೆಂಡತಿ ಮದುವೆಗೆ ಮುಂಚೆ ಪುಣೆಯಲ್ಲಿ. ಇಬ್ಬರಿಗೂ ರುಂಬಾ ಬರುತ್ತೆ ಅಂದ ಮೇಲೆ ಇನ್ನೇನು ಬೇಕು ಅಂತ ಬಾಂದ್ರಾದ ಒಂದು ಪಾರ್ಟಿಗೆ ಹೋದೆವು. ಹಾಡು ಶುರುವಾಯಿತು. ಒಂದನೇ ಎಣಿಕೆಗೆ ಅವಳು ಕಾಲು ಹಿಂದೆ ಇಟ್ಟಳು, ನಾನು ಕಂಬದ ಹಾಗೆ ನಿಂತೇ ಇದ್ದೆ. ಎರಡಕ್ಕೆ ನಾನು ಮುಂದೆ ಹೋದೆ, ಸೀದಾ ಅವಳ ಸೀರೆಯ ನೆರಿಗೆ ಮೇಲೆ. ಪಿನ್ ಹಾಕಿದ್ದಳು, ಮಾನ ಉಳಿಯಿತು. ದಾದರ್‌ನಿಂದ ಡೊಂಬಿವಲಿವರೆಗೆ ಲೋಕಲ್‌ನಲ್ಲಿ ಒಂದು ಮಾತಿಲ್ಲ. ಆಮೇಲೆ ಎರಡು ತಿಂಗಳು ‘ನಿನಗೆ ತಾಳ ಇಲ್ಲ’, ‘ನಿಮಗೇ ಇಲ್ಲ’. ಇಬ್ಬರಿಗೂ ತಾಳ ಇತ್ತು, ಸ್ವಾಮಿ.

ಬಿಡಿಸಿಕೊಂಡದ್ದು ಹೀಗೆ. ಸಂಗೀತ ಆಫ್ ಮಾಡಿ. ಬಾಯಲ್ಲಿ ತಕಧಿಮಿ ಹೇಳಿ, ನಾಲ್ಕು ಅಕ್ಷರ, ನಾಲ್ಕು ಎಣಿಕೆ. ಇಂಟರ್‌ನ್ಯಾಷನಲ್‌ನಲ್ಲಿ ‘ತ’ಕ್ಕೆ ಪಾದ ಏಳುವುದಿಲ್ಲ, ಸೊಂಟ ಮಾತ್ರ ಕೂರುತ್ತದೆ. ಹೆಜ್ಜೆ ಬೀಳುವುದು ಕ, ಧಿ, ಮಿ ಮೇಲೆ. ಅಮೆರಿಕನ್ ಬಾಕ್ಸ್‌ನಲ್ಲಿ, ಅಂದರೆ ಚೌಕದ ಮೂಲೆಗಳಿಗೆ ಕಾಲಿಡುವ ಹೆಜ್ಜೆಯಲ್ಲಿ, ‘ತಕ’ ಸೇರಿ ಒಂದೇ ನಿಧಾನದ ಹೆಜ್ಜೆ, ಆಮೇಲೆ ಧಿ, ಮಿ ಎರಡು ಚುರುಕು. ಎರಡರಲ್ಲೂ ಮೂರೇ ಹೆಜ್ಜೆ, ಅದಕ್ಕೇ ನೋಡುವವರಿಗೆ ಗೊತ್ತಾಗುವುದಿಲ್ಲ. ನಮ್ಮ ಹಾಲ್‌ನ ಎರಡಡಿ ಟೈಲ್ಸ್ ಒಂದನ್ನೇ ಬಾಕ್ಸ್ ಮಾಡಿಕೊಂಡು, ನಾಲ್ಕು ಮೂಲೆಗೂ ಅರಿಶಿನದ ಚುಕ್ಕೆ ಇಟ್ಟು ಹದಿನೈದು ದಿನ ತಿರುಗಿದೆವು. ಕಲೆ ಇನ್ನೂ ಹೋಗಿಲ್ಲ. ನೀವು ಚಾಕ್‌ಪೀಸ್ ತಗೊಳ್ಳಿ.

ಆದರೆ ಇದನ್ನೇ ಹಿಡಿದುಕೊಂಡು ಕೂರಬೇಡಿ. ಕೆಲವು ಅಮೆರಿಕನ್ ಟೀಚರ್‌ಗಳು ಚುರುಕು-ಚುರುಕು-ನಿಧಾನ ಅಂತ ಶುರು ಮಾಡಿಸುತ್ತಾರೆ. ಹಾಡಿನ ವೇಗವೂ ಬೇರೆ. ಇಂಟರ್‌ನ್ಯಾಷನಲ್ ಸ್ಪರ್ಧೆಯ ರುಂಬಾ ನಿಮಿಷಕ್ಕೆ 25ರಿಂದ 27 ಬಾರ್, ಒಂದು ಬಾರ್‌ಗೆ ನಾಲ್ಕು ಎಣಿಕೆ, ಅಂದರೆ ನೂರು ಚಿಲ್ಲರೆ ಬೀಟ್. ಅಮೆರಿಕನ್ ಸ್ವಲ್ಪ ಜೋರು. ಫೋನ್‌ನಲ್ಲಿ ಯಾವುದಾದರೂ ಪುಕ್ಕಟೆ ಮೆಟ್ರೊನೋಮ್ (ಟಿಕ್ ಟಿಕ್ ಅಂತ ತಾಳ ಹಾಕುವ ಆ್ಯಪ್) ಹಾಕಿಕೊಳ್ಳಿ, ದುಡ್ಡು ಕೊಟ್ಟು ಆ್ಯಪ್ ತಗೊಳ್ಳುವುದು ಶುದ್ಧ ದಂಡ.

ಬರೀ ರುಂಬಾ ಅಲ್ಲ, ಎಲ್ಲ ಹೆಸರಿಗೂ ಇದೇ ಗೋಳು. ವಾಲ್ಟ್ಸ್ ಅನ್ನುವ ಮೂರೆಣಿಕೆಯ ಕುಣಿತದ ವಿಡಿಯೋದಲ್ಲಿ ಜೋಡಿ ಕೈ ಬಿಟ್ಟು ದೂರ ಹೋದರೆ ಅದು ಅಮೆರಿಕನ್ ಸ್ಮೂತ್. ಇಂಟರ್‌ನ್ಯಾಷನಲ್ ಸ್ಟ್ಯಾಂಡರ್ಡ್‌ನಲ್ಲಿ ಹಿಡಿತ ಬಿಡುವ ಹಾಗೇ ಇಲ್ಲ. ವಿಯೆನ್ನೀಸ್ ವಾಲ್ಟ್ಸ್ ಹಾಡಿಗೆ ಸಾದಾ ವಾಲ್ಟ್ಸ್ ಕಲಿಯಬೇಡಿ, ವಿಯೆನ್ನೀಸ್ ಹೆಚ್ಚುಕಮ್ಮಿ ಎರಡರಷ್ಟು ವೇಗ, ಕಾಲಿಗೆ ಕಾಲು ಸುತ್ತಿಕೊಳ್ಳುತ್ತದೆ. ಬಾಲ್‌ರೂಮ್ ಟ್ಯಾಂಗೋ ಮತ್ತು ಅರ್ಜೆಂಟೀನ್ ಟ್ಯಾಂಗೋಗೆ ಹೆಸರಿನ ನಂಟು ಬಿಟ್ಟರೆ ಹಿಡಿತವೂ ಬೇರೆ, ನಡಿಗೆಯೂ ಬೇರೆ. ಕತ್ತು ಫಟ್ ಅಂತ ತಿರುಗಿಸುವುದು ಬಾಲ್‌ರೂಮ್‌ನದು. ರಿವರ್ಸ್ ಟರ್ನ್ ಅಂದರೆ ಗಾಡಿ ಹಿಂದಕ್ಕೆ ತಗೊಳ್ಳುವುದು ಅಂತ ಹೋದ ವಾರ ಇಲ್ಲೇ ಒಬ್ಬರು ಬರೆದಿದ್ದರು. ಅಲ್ಲ ಮಾರಾಯ್ರೆ, ರಿವರ್ಸ್ ಅಂದರೆ ಎಡಕ್ಕೆ ತಿರುಗುವುದು, ನ್ಯಾಚುರಲ್ ಅಂದರೆ ಬಲಕ್ಕೆ. ಇಷ್ಟನ್ನೂ ಕೇಳದೆ ಫೀಸ್ ಕಟ್ಟುತ್ತೀರಲ್ಲ!

ಇನ್ನು ನಿಮ್ಮ ಮಡಗಾಂವ್ ಮದುವೆ. ನನ್ನ ಕೇಳಿದರೆ ರುಂಬಾ ಪಕ್ಕಕ್ಕಿಡಿ. ಗೋವಾದ ಕ್ರಿಶ್ಚಿಯನ್ ಮದುವೆಗೆ ವಾಲ್ಟ್ಸ್ ಮತ್ತು ಜೈವ್ ಅನ್ನುವ ಚುರುಕು ಕುಣಿತ ಬಂದರೆ ರಾತ್ರಿ ಕಳೆಯುತ್ತದೆ. ವಾಲ್ಟ್ಸ್‌ಗೆ ‘ತಕಿಟ ತಕಿಟ’ ಹೇಳಿ, ‘ತ’ ಮೇಲೆ ಒತ್ತು. ಒಂದು ಮಾತು ನೆನಪಿರಲಿ: ಫ್ಲೋರ್‌ನಲ್ಲಿ ಎಲ್ಲರೂ ಗಡಿಯಾರಕ್ಕೆ ಉಲ್ಟಾ ಸುತ್ತುತ್ತಾರೆ, ಅಂದರೆ ನಮ್ಮ ಲೆಕ್ಕದಲ್ಲಿ ಅಪ್ರದಕ್ಷಿಣೆ. ದೇವಸ್ಥಾನದ ಅಭ್ಯಾಸಕ್ಕೆ ಪ್ರದಕ್ಷಿಣೆ ಹೊರಟರೆ ಎದುರಿನಿಂದ ಬರುವವರ ಮೊಣಕೈ ಗ್ಯಾರಂಟಿ. ಒಂದೇ ಜಾಗದಲ್ಲಿ ಕುಣಿಯುವುದಾದರೆ ನಡುವೆ ಹೋಗಿ, ಅಂಚು ಸುತ್ತುವವರಿಗೆ ಬಿಡಿ. ಗೋವಾದ ಕೊಂಕಣಿ ಹಾಡು-ಕುಣಿತ ಮಾಂಡೊ ಹಾಡಲು ಶುರು ಮಾಡಿದರೆ ಮಾತ್ರ ಸುಮ್ನೆ ನಿಂತು ನೋಡಿ, ಎದುರುಬದುರು ಸಾಲಿನಲ್ಲಿ ಕುಣಿಯುವ ಅದರ ಚಂದವೇ ಬೇರೆ.

ಶೂ ಬಗ್ಗೆ ಕೇಳಿದ್ದಿರಿ. ಒಂದು ಮದುವೆಗೋಸ್ಕರ ಕಪೇಜಿಯೊ, ಬ್ಲಾಕ್ ಅಂತ ಡ್ಯಾನ್ಸ್ ಶೂ ಬ್ರ್ಯಾಂಡ್‌ಗಳಿಗೆ ದುಡ್ಡು ಸುರಿಯಬೇಡಿ. ಕಾಲಿಗೆ ಸರಿಯಾಗಿ ಕೂತಿರುವ ಹಳೇ ಲೆದರ್ ಶೂ ತಗೊಳ್ಳಿ, ಧಾರಾವಿಯಲ್ಲಿ ಸ್ವೇಡ್ (ಒರಟು ಮೈಯ ತೊಗಲು) ತುಂಡು ಸಿಗುತ್ತದೆ, ನಿಮ್ಮ ಮೋಚಿಗೆ ಕೊಟ್ಟು ಅಟ್ಟೆಗೆ ಅಂಟಿಸಿ. ರಬ್ಬರ್ ಸೋಲ್ ಬೇಡವೇ ಬೇಡ: ಪಾದ ನಿಲ್ಲುತ್ತದೆ, ಮಂಡಿ ತಿರುಗುತ್ತದೆ, ಆರು ವಾರ ನಾನು ಅನುಭವಿಸಿದ್ದೇನೆ. ಸ್ವೇಡ್ ಹಾಕಿಕೊಂಡು ರಸ್ತೆಗೆ ಇಳಿಯಬೇಡಿ, ನೀರು ತಾಗಿದರೆ ಕೆಟ್ಟಿತು. ನುಣ್ಣಗಾದಾಗ ತಂತಿ ಬ್ರಷ್‌ನಲ್ಲಿ ಉಜ್ಜಿ. ಸೀರೆಯಾದರೆ ಪಾದದಿಂದ ಎರಡು ಬೆರಳು ಮೇಲಕ್ಕೆ ಉಡಲಿ, ನೆರಿಗೆಗೆ ಎರಡು ಪಿನ್ ಇರಲಿ.

ಭಾನುವಾರದೊಳಗೆ ಇನ್ನೊಂದು ವಿಡಿಯೋ ಹಾಕಿ. ಮುಖ ಬೇಡ, ಇಬ್ಬರ ಪಾದ ಮಾತ್ರ. ತಕಧಿಮಿ ಜೋರಾಗಿ ಕೇಳಿಸಬೇಕು.