ಪಾಲಿಪ್ರೊಪಿಲೀನ್ ಮೇಲೆ ಎಪಾಕ್ಸಿ ನಿಲ್ಲದಿದ್ದರೆ

ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ ತುಂಡನ್ನು ಅಲ್ಯೂಮಿನಿಯಂ ಬ್ರಾಕೆಟ್‌ಗೆ ಎಪಾಕ್ಸಿ ಅಂಟಿನಿಂದ ಅಂಟಿಸಿದರೆ ಬಿಟ್ಟುಬರುತ್ತದೆ, ಏನು ಮಾಡುವುದು ಎಂದು ಕೇಳಿದ್ದಿರಿ. ತೊಂದರೆ ಎಪಾಕ್ಸಿಯದಲ್ಲ, ಪ್ಲಾಸ್ಟಿಕ್‌ನದು. ಅಂಟೆಲ್ಲ ಅಲ್ಯೂಮಿನಿಯಂ ಬ್ರಾಕೆಟ್ ಮೇಲೇ ಉಳಿದು, ಪಾಲಿಪ್ರೊಪಿಲೀನ್ ಕಡೆ ಸಿಪ್ಪೆಯಂತೆ ಎದ್ದು ಬರುತ್ತದೆ ಅಂದಿರಲ್ವಾ, ಅದೇ ಸುಳಿವು. ಈ ಪ್ಲಾಸ್ಟಿಕ್‌ನ ಮೇಲ್ಮೈ ಶಕ್ತಿ (ದ್ರವವನ್ನು ತನ್ನ ಮೇಲೆ ಹರಡಿಸಿಕೊಳ್ಳುವ ಗುಣ) ತುಂಬಾ ಕಡಿಮೆ, ಸೆಂಟಿಮೀಟರಿಗೆ ಸುಮಾರು 30 ಡೈನ್. ಅಂಟು ಅದರ ಮೇಲೆ ಕೆಸುವಿನೆಲೆ ಮೇಲಿನ ನೀರಿನ ಹಾಗೆ ಕೂರುತ್ತದೆ, ಹರಡುವುದಿಲ್ಲ. ಸುಮ್ನೆ ಮರಳು ಕಾಗದದಿಂದ ಉಜ್ಜಿದರೆ ಇದು ಸರಿಹೋಗುವುದಿಲ್ಲ.

ಮೊದಲು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ ಒಣಗಿಸಿ. ಪ್ಲಾಸ್ಟಿಕ್ ತುಂಡು ಸಲೀಸಾಗಿ ಬಿಡಲೆಂದು ಅಚ್ಚಿಗೆ ಸಿಲಿಕೋನ್ ಸ್ಪ್ರೇ ಹೊಡೆಯುತ್ತಿದ್ದರೆ ನಿಲ್ಲಿಸಿ. ಆಮೇಲೆ 38ರ ಡೈನ್ ಪೆನ್‌ನಿಂದ (ಮೇಲ್ಮೈ ಶಕ್ತಿ 38 ಡೈನ್ ಮುಟ್ಟಿದೆಯೇ ಎಂದು ತೋರಿಸುವ ಪೆನ್) ಗೆರೆ ಎಳೆಯಿರಿ. ಗೆರೆ ಹನಿಹನಿಯಾಗಿ ಒಡೆದರೆ ಹಾಗೇ ಎಪಾಕ್ಸಿ ಹಚ್ಚಬೇಡಿ.

ಅಲ್ಲಿಂದ ಎರಡು ದಾರಿ. ದಿನಕ್ಕೆ ನೂರಾರು ತುಂಡು ಮಾಡುತ್ತೀರಾದರೆ ಫ್ಲೇಮ್ ಅಥವಾ ಪ್ಲಾಸ್ಮಾ ಟ್ರೀಟ್‌ಮೆಂಟ್ (ಜ್ವಾಲೆ ಅಥವಾ ವಿದ್ಯುದಾವೇಶದ ಅನಿಲ ತಾಗಿಸಿ ಮೇಲ್ಮೈ ಶಕ್ತಿ ಏರಿಸುವುದು) ಕೊಟ್ಟು ಇದೇ ಎಪಾಕ್ಸಿ ಹಚ್ಚಿ. ಜ್ವಾಲೆ ನೀಲಿಯಾಗಿರಲಿ, ಒಂದೇ ಕಡೆ ನಿಲ್ಲಿಸಬೇಡಿ, ಪ್ಲಾಸ್ಟಿಕ್ ಕರಗುತ್ತದೆ. ಇದರ ಪರಿಣಾಮ ದಿನ ಕಳೆದಂತೆ ಇಳಿಯುತ್ತದೆ, ಹಾಗಾಗಿ ಕೂಡಲೇ ಅಂಟಿಸಿ. ತುಂಡು ಕಡಿಮೆಯಿದ್ದರೆ ಪಾಲಿಓಲೆಫಿನ್‌ಗೆಂದೇ (ಪಾಲಿಪ್ರೊಪಿಲೀನ್ ಸೇರುವ ಪ್ಲಾಸ್ಟಿಕ್ ಗುಂಪು) ಬರುವ ಎರಡು ಭಾಗದ ಅಕ್ರಿಲಿಕ್ ಅಂಟು ಕೊಳ್ಳಿ. ಅಂಟಿಗೆ ಮುಂಚೆ ಬಳಿಯುವ ಪ್ರೈಮರ್ ಬೇಡ, ಬಿಸಿ ಮಾಡುವುದೂ ಬೇಡ. ಬೆಲೆ ಜಾಸ್ತಿ, ವಾಸನೆಯೂ ಇದೆ, ಗಾಳಿಯಾಡುವ ಜಾಗದಲ್ಲಿ ಬಳಸಿ. ನನಗಂತೂ ಇದೇ ಸಲೀಸು ಅನ್ನಿಸಿತು.

ನಿಮ್ಮ ಪ್ಲಾಸ್ಟಿಕ್‌ನಲ್ಲಿ ಟಾಲ್ಕ್ (ಖನಿಜದ ಪುಡಿ) ಅಥವಾ ಗಾಜಿನ ನಾರು ಬೆರೆತಿದ್ದರೆ ಫಲಿತಾಂಶ ಬೇರೆಯಾಗಬಹುದು. ಐದಾರು ತುಂಡು ಅಂಟಿಸಿ, ಒಂದು ದಿನ ಬಿಟ್ಟು ಎಳೆದು ನೋಡಿ. ಎರಡೂ ಕಡೆ ಅಂಟು ಉಳಿದರೆ ಅಥವಾ ಪ್ಲಾಸ್ಟಿಕ್ಕೇ ಹರಿದರೆ ಉತ್ಪಾದನೆ ಶುರು ಮಾಡಬಹುದು.